ಮನೆಯ ಧೂಪ, ಮನೆಯ ಗಾಳಿ



ದೇವರಿಗೆ ಸಲ್ಲುವ 16 ಉಪಚಾರಗಳಲ್ಲಿ ಧೂಪವೂ ಒಂದು. ದರ್ಗಾಗಳಲ್ಲಿ ಲೋಬಾನ, ಇಗರ್ಜಿಗಳಲ್ಲಿ ಧೂಪದಾನಿ, ಗುಡಿ ಮತ್ತು ಮನೆಗಳಲ್ಲಿ ಸಾಂಬ್ರಾಣಿ. ಮತ ಯಾವುದಾದರೂ ಪರಿಮಳದ ಹೊಗೆಗೆ ಎಲ್ಲೆಡೆ ಮನ್ನಣೆಯಿದೆ. ಪೂಜೆಯ ಹೂವನ್ನು ಬಿಸಾಡದೆ ಒಣಗಿಸಿ, ಮನೆಯಲ್ಲೇ ಧೂಪ ಮಾಡಿಕೊಳ್ಳುವ ಹವ್ಯಾಸ ಹಲವರಿಗಿದೆ. ಅಂಗಡಿಯ ಊದುಬತ್ತಿಯಲ್ಲಿ ರಾಸಾಯನಿಕ ಸೇರಿರುತ್ತದೆ, ಮನೆಯದು ಶುದ್ಧ, ಆದ್ದರಿಂದ ನಿರಪಾಯ ಎಂಬುದು ಅವರ ನಂಬಿಕೆ. ಈ ಮಾತು ಅರ್ಧ ನಿಜ. ಉಳಿದರ್ಧವನ್ನು ಕುರಿತು ಯೋಚಿಸಬೇಕಾಗಿದೆ.

ಗಂಧದ್ರವ್ಯಗಳನ್ನು ಹದವರಿತು ಬೆರೆಸುವ ವಿದ್ಯೆಗೆ ಹಿಂದಿನವರು 'ಗಂಧಯುಕ್ತಿ' ಎಂದು ಹೆಸರಿಟ್ಟಿದ್ದರು. 6ನೆಯ ಶತಮಾನದ ವರಾಹಮಿಹಿರ 'ಬೃಹತ್ಸಂಹಿತೆ'ಯಲ್ಲಿ ಅದಕ್ಕೊಂದು ಅಧ್ಯಾಯವನ್ನೇ ಮೀಸಲಿಟ್ಟ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ 'ಮಾನಸೋಲ್ಲಾಸ' (12ನೆಯ ಶತಮಾನ) ಧೂಪವನ್ನು ಅರಸನ ಭೋಗಗಳಲ್ಲಿ ಒಂದಾಗಿ ಎಣಿಸುತ್ತದೆ. ಊದುಬತ್ತಿ ಎಂಬ ಮಾತಿಗೂ ಬಾಯಿಂದ ಊದುವುದಕ್ಕೂ ನಂಟಿಲ್ಲ. ಅರಬ್ಬಿಯಲ್ಲಿ 'ಊದ್' ಎಂದರೆ ಅಗರು. ಸಾಂಬ್ರಾಣಿಯಾದರೂ ಸುಮಾತ್ರಾದ ಕಡೆಯಿಂದ ಹಡಗೇರಿ ಬಂದ ಮರದಂಟು. ಹೀಗೆ ಹಲವು ನಾಡಿನ ಸಾಮಗ್ರಿ ಕೂಡಿ ಬೆಳೆದ ಕಸುಬಿನ ಫಲವಾದ 'ಮೈಸೂರು ಅಗರಬತ್ತಿ'ಗೆ 2005ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆಯಿತು.

ಧೂಪದ ಸಾಮಗ್ರಿಯಲ್ಲಿ ಮೂರು ಬಗೆ: ಉರಿಯುವಂಥದು, ಪರಿಮಳಿಸುವಂಥದು, ಅಂಟಿಸುವಂಥದು. ಇಂದಿನ ಅಗ್ಗದ ಕಡ್ಡಿಗಳಲ್ಲಿ ಉರಿಯುವುದು ಇದ್ದಿಲ ಪುಡಿ ಮತ್ತು ಮರದ ಹೊಟ್ಟು. ಪರಿಮಳ ಬರುವುದು ಡೈಈಥೈಲ್ ಥ್ಯಾಲೇಟಿನಂಥ ದ್ರವದಲ್ಲಿ ಕರಗಿಸಿದ ಕೃತಕ ಸುಗಂಧದಿಂದ. ಮನೆಯಲ್ಲಿ ಮಾಡಿದರೆ ಇವೆರಡನ್ನೂ ಬಿಡಬಹುದು. ಮೇಲೆ ಹೇಳಿದ ಅರ್ಧ ನಿಜ ಇದೇ.

ವಿಧಾನ ಸರಳ. ನೆರಳಿನಲ್ಲಿ ಗರಿಗರಿಯಾಗಿ ಒಣಗಿಸಿದ ಗುಲಾಬಿ ಎಸಳಿನ ಪುಡಿ 4 ಚಮಚ, ಶ್ರೀಗಂಧದ ಅಥವಾ ಬೇರೆ ಪರಿಮಳದ ಮರದ ಪುಡಿ 2 ಚಮಚ, ಸಾಂಬ್ರಾಣಿ ಪುಡಿ 1 ಚಮಚ, ಲವಂಗ ಮತ್ತು ಲಾವಂಚದ ಬೇರಿನ ಪುಡಿ ಅರ್ಧ ಚಮಚ, ಅಂಟಿಗೆ ಜಿಗಟು 2 ಚಮಚ. ಎಲ್ಲವನ್ನೂ ತೆಳುಬಟ್ಟೆಯಲ್ಲಿ ಜರಡಿ ಹಿಡಿದು, ನೀರನ್ನು ಸ್ವಲ್ಪಸ್ವಲ್ಪವೇ ಚಿಮುಕಿಸಿ, ಚಪಾತಿ ಹಿಟ್ಟಿನ ಹದಕ್ಕೆ ನಾದಿ, ಕಿರುಬೆರಳಿನಷ್ಟು ಸಣ್ಣ ಬತ್ತಿಗಳಾಗಿ ಹೊಸೆಯಬೇಕು. ಬಿಸಿಲಿಗಿಟ್ಟರೆ ಬಿರಿಯುತ್ತವೆ, ನೆರಳಲ್ಲಿ ಒಂದು ವಾರ ಒಣಗಲಿ. ಒಳಗೆ ತೇವ ಉಳಿದರೆ ಬೂಷ್ಟು ಹಿಡಿಯುತ್ತದೆ. ಸಾಂಬ್ರಾಣಿ ಹೆಚ್ಚಾದರೆ ಅದು ಕರಗಿ ಕಿಡಿ ಆರುತ್ತದೆ, ಹೊಗೆಯೂ ದಟ್ಟವಾಗುತ್ತದೆ.

ಈ ಕೆಲಸದಲ್ಲಿ ಕೆಲವು ಎಚ್ಚರಗಳು ಅಗತ್ಯ. ಪುಡಿ ಮಾಡುವಾಗ ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಳ್ಳಬೇಕು. ಉರಿಯುವ ಒಲೆಯ ಹತ್ತಿರ ಜರಡಿ ಹಿಡಿಯಬಾರದು. ಗಾಳಿಗೆದ್ದ ನವಿರು ಪುಡಿಗೆ ಭಗ್ಗನೆ ಬೆಂಕಿ ಹತ್ತಬಹುದು. ಬೇಗ ಉರಿಯಲೆಂದು ಪೆಟ್ಲುಪ್ಪು ಬೆರೆಸುವುದು ಪಟಾಕಿಯವರ ಕೆಲಸ, ಮನೆಯದಲ್ಲ. ಕರ್ಪೂರವನ್ನು ಸೇರಿಸದಿರುವುದು ಮೇಲು. ಅದು ಬೇಗನೆ ಹತ್ತಿಕೊಳ್ಳುತ್ತದೆ, ಮಕ್ಕಳು ನುಂಗಿದರೆ ವಿಷ.

ಹೂವಿನ ವಿಷಯದಲ್ಲಂತೂ ಹೆಚ್ಚಿನ ಜಾಗ್ರತೆ ಬೇಕು. ದೇವರ ತಲೆಯ ಮೇಲಿನ ಹೂವೆಲ್ಲ ಧೂಪಕ್ಕೆ ಆಗುವುದಿಲ್ಲ. ಕಣಗಿಲೆ, ಎಕ್ಕ, ಉಮ್ಮತ್ತಿ ಇವು ಪೂಜೆಗೆ ಸಲ್ಲುವ ಹೂಗಳೇ. ಆದರೆ ಮೂರೂ ವಿಷದ ಗಿಡಗಳು. ಕಣಗಿಲೆಯನ್ನು ಸುಟ್ಟ ಹೊಗೆಯೂ ಕೆಟ್ಟದ್ದು. ಇವನ್ನು ಆರಿಸಿ ತೆಗೆದು ಗೊಬ್ಬರದ ಗುಂಡಿಗೆ ಹಾಕುವುದು ಲೇಸು. ಬಣ್ಣ ಅದ್ದಿದ ಹೂವನ್ನೂ ಬಿಡಬೇಕು.

ಇಷ್ಟೆಲ್ಲ ಪಾಲಿಸಿದರೂ ಉಳಿಯುವ ಮಾತೊಂದಿದೆ: ಹೂವು ಶುದ್ಧವಾದರೂ ಅದನ್ನು ಸುಟ್ಟರೆ ಬರುವುದು ಹೊಗೆಯೇ. ಕಣ್ಣಿಗೆ ಕಾಣದ ನವಿರು ಕಣಗಳು, ಕಾರ್ಬನ್ ಮಾನಾಕ್ಸೈಡ್, ಫಾರ್ಮಾಲ್ಡಿಹೈಡ್ ಇವು ಮನೆಯ ಧೂಪದಲ್ಲೂ ಹುಟ್ಟುತ್ತವೆ. ಸಿಂಗಪುರದಲ್ಲಿ ಚೀನೀ ಮೂಲದ 61 ಸಾವಿರಕ್ಕೂ ಹೆಚ್ಚು ಜನರನ್ನು ವರ್ಷಗಟ್ಟಲೆ ಗಮನಿಸಿದ ಅಧ್ಯಯನವೊಂದು 2008ರಲ್ಲಿ ಪ್ರಕಟವಾಯಿತು. ದೀರ್ಘಕಾಲ ಧೂಪ ಹಚ್ಚಿದವರಲ್ಲಿ ಶ್ವಾಸಮಾರ್ಗದ ಮೇಲ್ಭಾಗದ ಕ್ಯಾನ್ಸರಿನ ಅಪಾಯ ಹೆಚ್ಚಾಗಿದ್ದುದನ್ನು ಅದು ತೋರಿಸಿತು. ದಿನಕ್ಕೊಂದು ಕಡ್ಡಿ ಹಚ್ಚುವವರೆಲ್ಲ ರೋಗಿಗಳಾಗುತ್ತಾರೆಂದು ಇದರ ಅರ್ಥವಲ್ಲ. ಹೊಗೆ ಎಷ್ಟು, ಎಷ್ಟು ವರ್ಷ ಎಂಬ ಲೆಕ್ಕ ಮುಖ್ಯವೆಂದು ಅರ್ಥ.

ಈ ಲೆಕ್ಕ ಎಲ್ಲಕ್ಕಿಂತ ಬಿಗಿಯಾಗಬೇಕಾದದ್ದು ಬಾಣಂತಿಯ ಕೋಣೆಯಲ್ಲಿ. ಎಣ್ಣೆನೀರು ಹಾಕಿದ ಮೇಲೆ ಹಸುಗೂಸಿಗೆ ಕೆಂಡದ ಸಾಂಬ್ರಾಣಿ ಹೊಗೆ ಹಿಡಿಯುವ ರೂಢಿ ಹಲವು ಮನೆಗಳಲ್ಲಿ ಉಂಟು. ಮಗುವಿನ ಮೈ ಬೆಚ್ಚಗಿರಲಿ, ತಲೆ ಆರಲಿ ಎಂಬ ಅಜ್ಜಿಯರ ಕಾಳಜಿ ದೊಡ್ಡದು. ಆದರೆ ಅವರ ಕಾಲದ ಹೆಂಚಿನ ಮನೆಯಲ್ಲಿ ಹೊಗೆ ಹೆಂಚಿನ ಸಂದಿಯಿಂದ ಹೊರಗೆ ಹೋಗಲು ದಾರಿಯಿತ್ತು. ಗಾಜಿನ ಕಿಟಕಿ ಮುಚ್ಚಿದ ಇಂದಿನ ಕೋಣೆಯಲ್ಲಿ ಆ ದಾರಿಯಿಲ್ಲ. ಮುಚ್ಚಿದ ಕೋಣೆಯ ಕೆಂಡದಿಂದ ಬರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ಪ್ರಾಣವನ್ನೇ ತೆಗೆಯಬಲ್ಲುದು. ಎಳೆಯ ಶ್ವಾಸಕೋಶಕ್ಕೆ ಹೊಗೆಯೇ ಬೇಡ. ಒಣಬಟ್ಟೆಯಿಂದ ಒರೆಸಿ ಬೆಚ್ಚಗೆ ಸುತ್ತಿದರೆ ಅಜ್ಜಿಯ ಉದ್ದೇಶ ನೆರವೇರುತ್ತದೆ. ಉಬ್ಬಸವುಳ್ಳವರ ಮುಂದೆಯೂ ಧೂಪ ಸಲ್ಲದು.

ಮರಗಳ ಮಾತನ್ನೂ ಮರೆಯುವಂತಿಲ್ಲ. ಜಿಗಟು ಬರುವುದು ಪಶ್ಚಿಮ ಘಟ್ಟದ ಗುಳಮಾವಿನಂಥ ಮರಗಳ ತೊಗಟೆಯಿಂದ. ಸುತ್ತಲೂ ತೊಗಟೆ ಸುಲಿದರೆ ಮರ ಒಣಗುತ್ತದೆ. ಗುಗ್ಗುಳದ ಗಿಡವಂತೂ ಅಳಿವಿನ ಅಂಚಿನ ಪಟ್ಟಿ ಸೇರಿದೆ. 'ನೈಸರ್ಗಿಕ' ಎಂಬ ಮಾತಿನ ಹಿಂದೆ ಕಾಡಿನ ಋಣವಿದೆ.

ಆದ್ದರಿಂದ ಧೂಪ ಹಚ್ಚಬಾರದೆಂದಲ್ಲ. ಬೂದಿ ತುಂಬಿದ ಮಣ್ಣಿನ ಅಥವಾ ಹಿತ್ತಾಳೆಯ ಪಾತ್ರೆಯಲ್ಲಿ, ಪರದೆಗಳಿಂದ ದೂರದಲ್ಲಿ, ಕಿಟಕಿ ತೆರೆದಿಟ್ಟು, ಒಂದೇ ಒಂದು ಬತ್ತಿ. ಮಲಗುವ ಮುನ್ನ ಕಿಡಿ ಆರಿದೆಯೇ ಎಂದು ನೋಡಬೇಕು. ಹೂವು, ಗಂಧ, ದೀಪ, ನೈವೇದ್ಯಗಳ ಸಾಲಿನಲ್ಲಿ ಧೂಪವೂ ಒಂದು ಉಪಚಾರ, ಅಷ್ಟೆ. ಕೋಣೆ ತುಂಬ ಹೊಗೆಯಾಡಿದರೇ ಅದು ಸಂದಿತೆಂದು ತಿಳಿಯಬೇಕಾಗಿಲ್ಲ.