ಗಾಳಿಗೆ ಒರಗುವ ವಿದ್ಯೆ

ಮಕ್ಕಳೇ, ನೀವು ಸೀತೂರಿನ ಕಡೆಯವರಾದರೆ ಅಡಿಕೆ ತೋಟ ನಿಮಗೆ ಹೊಸದಲ್ಲ. ಮುಂದಿನ ಸಲ ತೋಟಕ್ಕೆ ಹೋದಾಗ ಸ್ವಲ್ಪ ಹೊತ್ತು ಸುಮ್ಮನೆ ನಿಂತು ಮರಗಳ ಕಾಂಡವನ್ನೇ ನೋಡುತ್ತಿರಿ. ಬಿಸಿಲು ಬಂದ ಹೊತ್ತಾದರೆ ಒಳ್ಳೆಯದು. ತೊಗಟೆಯದೇ ಬಣ್ಣದ, ಬಾಲವೂ ಸೇರಿ ಒಂದು ಗೇಣಿನಷ್ಟು ಉದ್ದದ ಓತಿಯೊಂದು ಮರಕ್ಕೆ ಅಂಟಿಕೊಂಡು ಇರುವೆ ಹಿಡಿಯುತ್ತಿರಬಹುದು. ಗಂಡಾದರೆ ಗಂಟಲ ಕೆಳಗಿನ ಹಳದಿ ಚರ್ಮವನ್ನು ಆಗಾಗ ಬಿಚ್ಚಿ ಮಡಚುತ್ತಿರುತ್ತದೆ. ಅದು ಕಣ್ಣಿಗೆ ಬಿದ್ದರೆ ಅಲ್ಲಾಡಬೇಡಿ.

ಯಾಕೆಂದರೆ ಅದು ಯಾವ ಗಳಿಗೆಯಲ್ಲಾದರೂ ಮರ ಬಿಟ್ಟು ಜಿಗಿಯಬಹುದು. ಅಯ್ಯೋ, ಬಿತ್ತು ಅಂದುಕೊಳ್ಳುವಷ್ಟರಲ್ಲಿ ಎರಡೂ ಪಕ್ಕೆಯಿಂದ ಚರ್ಮ ಅಗಲವಾಗಿ ಬಿಚ್ಚಿಕೊಳ್ಳುತ್ತದೆ. ಓತಿ ಓರೆಯಾಗಿ ತೇಲುತ್ತ ಹೋಗಿ ಇನ್ನೊಂದು ಮರ ಹಿಡಿಯುತ್ತದೆ. ಅದೇ ನಮ್ಮ ಮಲೆನಾಡಿನ ಹಾರುವ ಓತಿ. ಹಕ್ಕಿಯ ಹಾಗೆ ರೆಕ್ಕೆ ಬಡಿಯಲು ಅದಕ್ಕೆ ಬಾರದು. ಉದ್ದನೆಯ ಪಕ್ಕೆಲುಬುಗಳಿಂದ ಚರ್ಮ ಅಗಲಿಸಿ, ಬೀಳುತ್ತಲೇ ಗಾಳಿಗೆ ಒರಗಿಕೊಳ್ಳುತ್ತದೆ, ಅಷ್ಟೇ.

ಮನುಷ್ಯರೂ ಈ ವಿದ್ಯೆ ಕಲಿಯುತ್ತಾರೆ, ಗೊತ್ತಾ? ಹಾರುತ್ತಿರುವ ವಿಮಾನದ ಬಾಗಿಲಿನಿಂದ ಹೊರಗೆ ಜಿಗಿದು, ಸ್ವಲ್ಪ ದೂರ ಹಾಗೆಯೇ ಬಿದ್ದು, ಆಮೇಲೆ ಪ್ಯಾರಾಶೂಟ್ ಬಿಚ್ಚಿ ನೆಲಕ್ಕೆ ಇಳಿಯುತ್ತಾರೆ. ಇದಕ್ಕೆ ಸ್ಕೈಡೈವಿಂಗ್ ಅನ್ನುತ್ತಾರೆ. ಗುರುವಿನ ಎದೆಗೆ ಬೆನ್ನು ಕಟ್ಟಿಸಿಕೊಂಡು ಜೋಡಿಯಾಗಿ ಜಿಗಿಯುವುದು ಒಂದು ಬಗೆ. ಒಬ್ಬರೇ ಜಿಗಿಯಲು ಕಲಿಯುವುದು ಇನ್ನೊಂದು. ಹೀಗೆ ಒಂಟಿಯಾಗಿ ಜಿಗಿಯಲು ಕಲಿಯುವ ಒಬ್ಬ ಅಕ್ಕನನ್ನು ಮನಸ್ಸಿನಲ್ಲೇ ಕಲ್ಪಿಸಿಕೊಳ್ಳೋಣ. ಅವಳ ಜೊತೆ ನಾವೂ ಹೊರಡೋಣ.

ಹೊರಡುವ ಮೊದಲು ಒಂದು ಸಣ್ಣ ಪರೀಕ್ಷೆ. ನೋಟ್‌ಬುಕ್ಕಿನಿಂದ ಒಂದೇ ಅಳತೆಯ ಎರಡು ಹಾಳೆ ತೆಗೆದುಕೊಳ್ಳಿ. ಒಂದನ್ನು ಮುದುಡಿ ಉಂಡೆ ಮಾಡಿ. ಇನ್ನೊಂದು ಬಿಡಿಸಿಕೊಂಡೇ ಇರಲಿ. ಎರಡನ್ನೂ ಒಂದೇ ಎತ್ತರದಿಂದ ಒಟ್ಟಿಗೆ ಬಿಡಿ. ಉಂಡೆ ನೆಟ್ಟಗೆ ಬಿದ್ದೇಬಿಡುತ್ತದೆ. ಹಾಳೆ ಅತ್ತಿತ್ತ ವಾಲಾಡುತ್ತ ನಿಧಾನವಾಗಿ ಇಳಿಯುತ್ತದೆ. ಎರಡರ ತೂಕವೂ ಒಂದೇ. ಹಾಗಾದರೆ ಹಾಳೆಯನ್ನು ತಡೆದವರು ಯಾರು? ಗಾಳಿ. ಕಣ್ಣಿಗೆ ಕಾಣದಿದ್ದರೂ ಗಾಳಿ ಒಂದು ವಸ್ತುವೇ. ಅಗಲವಾದದ್ದು ಬಂದರೆ ಹೆಚ್ಚು ಗಾಳಿಯನ್ನು ತಳ್ಳಿಕೊಂಡು ಬರಬೇಕು. ಗಾಳಿ ಅದನ್ನು ಅಷ್ಟೇ ಜೋರಾಗಿ ಹಿಂದಕ್ಕೆ ತಳ್ಳುತ್ತದೆ. ನಮ್ಮ ಅಕ್ಕ ಕಲಿಯುವುದೆಲ್ಲ ಈ ಒಂದು ಮಾತಿನೊಳಗೇ ಇದೆ.

ಈಗ ಸೈಕಲ್ ಏರಿ. ನಮ್ಮ ಕಡೆ ಇಳಿಜಾರಿಗೇನು ಬರವೇ! ತುಳಿಯದೆ, ಸುಮ್ಮನೆ ಕೂತು ಇಳಿದರೆ ಏನಾಗುತ್ತದೆ? ಮೊದಲು ವೇಗ ಏರುತ್ತ ಹೋಗುತ್ತದೆ. ವೇಗ ಏರಿದಂತೆ ಎದೆಗೆ ಬಡಿಯುವ ಗಾಳಿಯೂ ಜೋರಾಗುತ್ತದೆ. ಇಳಿಜಾರು ಉದ್ದವಾಗಿದ್ದರೆ ಒಂದು ಹೊತ್ತಿನಲ್ಲಿ ಕೆಳಗೆ ಎಳೆಯುವ ಬಲವೂ ಹಿಂದಕ್ಕೆ ತಡೆಯುವ ಬಲವೂ ಸರಿಸಮ ಆಗುತ್ತವೆ. ಆಮೇಲೆ ಸೈಕಲ್ ನಿಲ್ಲುವುದೂ ಇಲ್ಲ, ವೇಗ ಇನ್ನೂ ಏರುವುದೂ ಇಲ್ಲ. ಒಂದೇ ಹದದಲ್ಲಿ ಸಾಗುತ್ತದೆ.

ಆಕಾಶದಿಂದ ಬೀಳುವವರಿಗೂ ಹೀಗೇ ಆಗುತ್ತದೆ. ಬಿದ್ದಷ್ಟೂ ವೇಗ ಹೆಚ್ಚುತ್ತಲೇ ಹೋಗುತ್ತದೆ ಎಂದು ನಾವು ಅಂದುಕೊಂಡಿರುತ್ತೇವೆ. ಹಾಗಾಗುವುದಿಲ್ಲ. ಹೊಟ್ಟೆ ಕೆಳಗೆ ಮಾಡಿ ಕೈಕಾಲು ಚಾಚಿ ಬಿದ್ದರೆ ಹತ್ತು ಹನ್ನೆರಡು ಸೆಕೆಂಡಿನಲ್ಲಿ ವೇಗ ಗಂಟೆಗೆ ಸುಮಾರು 200 ಕಿಲೋಮೀಟರ್ ತಲುಪಿ ಅಲ್ಲಿಗೇ ನಿಲ್ಲುತ್ತದೆ. ಇದಕ್ಕೆ ಅಂತಿಮ ವೇಗ ಎಂದು ಹೆಸರು. ಆಮೇಲೆ ಬೀಳುತ್ತಿದ್ದೇವೆ ಅನ್ನಿಸುವುದೇ ಕಡಿಮೆ. ಜೋರು ಗಾಳಿಯ ಮೇಲೆ ಬೋರಲಾಗಿ ಮಲಗಿದಂತೆ ಇರುತ್ತದೆ.

ಎಷ್ಟು ಎತ್ತರದಿಂದ ಜಿಗಿಯುತ್ತಾರೆ? ಸಾಮಾನ್ಯವಾಗಿ 10,000ದಿಂದ 13,000 ಅಡಿ. 13,000 ಅಡಿ ಅಂದರೆ ಹತ್ತಿರಹತ್ತಿರ ನಾಲ್ಕು ಕಿಲೋಮೀಟರ್. ನಮ್ಮದೇ ಜಿಲ್ಲೆಯ ಮುಳ್ಳಯ್ಯನಗಿರಿ ಸಮುದ್ರಮಟ್ಟದಿಂದ 1,930 ಮೀಟರ್ ಎತ್ತರ, ಕರ್ನಾಟಕಕ್ಕೇ ಎತ್ತರದ ಬೆಟ್ಟ. ಅಂಥ ಎರಡನ್ನು ಒಂದರ ಮೇಲೊಂದು ಇಟ್ಟರೂ ವಿಮಾನದ ಬಾಗಿಲು ಇನ್ನೂ ತುಸು ಮೇಲೆಯೇ ಉಳಿಯುತ್ತದೆ.

ಅಷ್ಟು ಮೇಲೆ ಹೋದರೆ ಚಳಿ. ಒಂದೊಂದು ಕಿಲೋಮೀಟರ್ ಏರಿದಾಗಲೂ ಸುಮಾರು ಆರೂವರೆ ಡಿಗ್ರಿ ಕಡಿಮೆಯಾಗುತ್ತದೆ. ಗಾಳಿಯೂ ತೆಳುವಾಗುತ್ತದೆ. ನಮ್ಮ ತಲೆಯ ಮೇಲೆ ಬಹಳ ಎತ್ತರದವರೆಗೆ ಗಾಳಿ ಪೇರಿಸಿಕೊಂಡಿದೆ ಅಲ್ಲವೇ, ಅದರ ಭಾರವೆಲ್ಲ ಕೆಳಗಿನ ಗಾಳಿಯನ್ನು ಒತ್ತುತ್ತದೆ. ಮೇಲೇರಿದಷ್ಟೂ ತಲೆಯ ಮೇಲಿನ ಗಾಳಿ ಕಡಿಮೆ, ಒತ್ತಡವೂ ಕಡಿಮೆ. ಅಕ್ಕನ ಮಣಿಕಟ್ಟಿನಲ್ಲಿ ಗಡಿಯಾರದಂಥ ಒಂದು ಉಪಕರಣ ಇರುತ್ತದೆ. ಅದು ಗಾಳಿಯ ಒತ್ತಡ ಅಳೆದು ಈಗ ಎಷ್ಟು ಎತ್ತರದಲ್ಲಿದ್ದೀ ಎಂದು ಹೇಳುತ್ತದೆ. ಅದನ್ನು ಆಲ್ಟಿಮೀಟರ್ ಅನ್ನುತ್ತಾರೆ. ಬೀಳುವಾಗ ಅವಳು ಮತ್ತೆ ಮತ್ತೆ ನೋಡಬೇಕಾದದ್ದು ಅದನ್ನೇ. ಕೆಳಗಿನ ಊರು ಎಷ್ಟೇ ಚೆಂದ ಕಂಡರೂ ಮೊದಲು ಆಲ್ಟಿಮೀಟರ್.

ಆದರೆ ಅಕ್ಕನ ಮೊದಲ ಪಾಠ ಆಕಾಶದಲ್ಲಿ ನಡೆಯುವುದಿಲ್ಲ, ನೆಲದ ಮೇಲೆ ನಡೆಯುತ್ತದೆ. ಚಾಪೆಯ ಮೇಲೆ ಬೋರಲು ಮಲಗಿ, ಸೊಂಟವನ್ನು ನೆಲಕ್ಕೆ ಒತ್ತಿ, ಎದೆ, ಕೈ, ಕಾಲುಗಳನ್ನು ಮೇಲಕ್ಕೆ ಬಾಗಿಸಿ ಹಿಡಿಯಬೇಕು. ನೀವೂ ಮನೆಯಲ್ಲಿ ಮಾಡಿ ನೋಡಬಹುದು. ಹೀಗೆ ಬಾಗಿದಾಗ ಮೈಯ ನಡುಭಾಗ ಎಲ್ಲಕ್ಕಿಂತ ಕೆಳಗೆ ಇರುತ್ತದೆ, ಗಾಳಿ ನಾಲ್ಕೂ ಕಡೆಯಿಂದ ಸಮನಾಗಿ ಹರಿದು ಹೋಗುತ್ತದೆ. ಮೈ ಒಂದು ಪಕ್ಕಕ್ಕೆ ವಾಲಿದರೂ ಗಾಳಿಯೇ ಸಮ ಮಾಡಿಕೊಡುತ್ತದೆ. ಸೆಟೆದುಕೊಂಡರೆ ಮಾತ್ರ ಮಗುಚಿ ಉರುಳಾಡಬೇಕಾಗುತ್ತದೆ. ಆದ್ದರಿಂದ ಗುರುಗಳು ಹೇಳುವುದು ಎರಡೇ ಮಾತು: ಬಾಗು, ಮೈ ಸಡಿಲ ಬಿಡು.

ಮೊದಲ ಸಲ ಜಿಗಿಯುವಾಗ ಇಬ್ಬರು ಗುರುಗಳು ಎರಡು ಪಕ್ಕದಲ್ಲೂ ಅವಳನ್ನು ಹಿಡಿದುಕೊಂಡೇ ಜಿಗಿಯುತ್ತಾರೆ. ಗಾಳಿಯ ಸದ್ದಿನಲ್ಲಿ ಮಾತು ಕೇಳಿಸುವುದಿಲ್ಲ. ಹಾಗಾಗಿ ಕೈಸನ್ನೆಯಲ್ಲೇ ಪಾಠ: ಕಾಲು ಚಾಚು, ಇನ್ನೂ ಬಾಗು, ಎತ್ತರ ನೋಡು. ಅವಳು ಗಟ್ಟಿಯಾದಂತೆ ಒಬ್ಬರು ಕೈಬಿಡುತ್ತಾರೆ. ಮುಂದಿನ ಪಾಠಗಳಲ್ಲಿ ಇನ್ನೊಬ್ಬರೂ ಬಿಟ್ಟು, ಪಕ್ಕದಲ್ಲಿ ಬೀಳುತ್ತ ನೋಡುತ್ತಾರೆ. ಒಂದು ಪಾಠ ಪೂರ್ತಿ ಬಂದ ಮೇಲೆಯೇ ಮುಂದಿನದು.

ಸುಮಾರು 5,000 ಅಡಿಗೆ ಬಂದಾಗ ಬಿಚ್ಚುವ ಹೊತ್ತು. ಇಡೀ ಪ್ಯಾರಾಶೂಟನ್ನು ಅವಳು ಎಳೆಯಬೇಕಿಲ್ಲ. ಚೀಲದ ಅಡಿಯಿಂದ ಒಂದು ಪುಟ್ಟ ಪ್ಯಾರಾಶೂಟನ್ನು ಹೊರಗೆ ಎಸೆದರೆ ಸಾಕು. ಅದು ಗಾಳಿಗೆ ಸಿಕ್ಕಿ ಹಿಂದುಳಿಯುತ್ತದೆ, ದೊಡ್ಡದನ್ನು ಎಳೆದು ಹೊರತರುತ್ತದೆ. ಇಲ್ಲೂ ಕೆಲಸ ಮಾಡುವುದು ಗಾಳಿಯೇ ನೋಡಿ. ದೊಡ್ಡದು ತಟ್ಟನೆ ಬಿಚ್ಚಿಕೊಂಡರೆ ಮೈಗೆ ಭಾರೀ ಹೊಡೆತ. ಅದಕ್ಕೇ ಹಗ್ಗಗಳ ಗುಂಪಿನಲ್ಲಿ ಒಂದು ಚೌಕ ಬಟ್ಟೆ ಪೋಣಿಸಿರುತ್ತಾರೆ. ಅದು ಮೇಲಿನಿಂದ ನಿಧಾನವಾಗಿ ಜಾರುತ್ತ ಬಂದು, ಪ್ಯಾರಾಶೂಟ್ ಸಾವಕಾಶವಾಗಿ ಅರಳುವಂತೆ ಮಾಡುತ್ತದೆ.

ಪ್ಯಾರಾಶೂಟ್ ಎಂದರೆ ದುಂಡಗಿನ ಕೊಡೆ ಎಂದು ಚಿತ್ರಗಳಲ್ಲಿ ನೋಡಿರುತ್ತೀರಿ. ಈಗ ಕಲಿಯುವವರು ಬಳಸುವುದು ಆಯತಾಕಾರದ್ದು. ಮೇಲೊಂದು ಬಟ್ಟೆ, ಕೆಳಗೊಂದು ಬಟ್ಟೆ, ನಡುವೆ ಸಾಲಾಗಿ ಹೊಲಿದ ಕೋಣೆಗಳು. ಕೋಣೆಗಳ ಮುಂದಿನ ಬಾಯಿ ತೆರೆದಿರುತ್ತದೆ, ಹಿಂದೆ ಮುಚ್ಚಿರುತ್ತದೆ. ಗಾಳಿ ಒಳಗೆ ನುಗ್ಗಿ ತುಂಬಿಕೊಂಡರೆ ಬರೀ ನೈಲಾನ್ ಬಟ್ಟೆ ಒಂದು ರೆಕ್ಕೆಯಾಗಿಬಿಡುತ್ತದೆ! 1960ರ ದಶಕದಲ್ಲಿ ಡೊಮಿನಾ ಜಾಲ್ಬರ್ಟ್ ಎಂಬುವರು ಇದನ್ನು ರೂಪಿಸಿದರು. ದುಂಡನೆಯದು ಹೆಚ್ಚಾಗಿ ಗಾಳಿ ಒಯ್ದ ಕಡೆ ಹೋಗುತ್ತದೆ. ಇದು ಹಾರುವ ಓತಿಯ ಹಾಗೆ ಮುಂದಕ್ಕೆ ತೇಲುತ್ತದೆ. ಎಡ ಹಿಡಿ ಎಳೆದರೆ ಎಡಕ್ಕೆ, ಬಲ ಹಿಡಿ ಎಳೆದರೆ ಬಲಕ್ಕೆ.

ಬಿಚ್ಚದೇ ಹೋದರೆ? ನೀವು ಇದನ್ನು ಕೇಳಿಯೇ ಕೇಳುತ್ತೀರಿ ಎಂದು ಗೊತ್ತು. ಅವಳ ಬೆನ್ನಿನ ಚೀಲದಲ್ಲಿ ಇನ್ನೊಂದು ಪ್ಯಾರಾಶೂಟ್ ಇರುತ್ತದೆ. ಅದನ್ನು ಮಡಚಿ ಇಡಲು ಅದಕ್ಕೆಂದೇ ಕಲಿತು ಅನುಮತಿ ಪಡೆದವರು ಬೇಕು. ಮೊದಲನೆಯದು ಸರಿಯಾಗಿ ಅರಳದಿದ್ದರೆ ಅದನ್ನು ಕಳಚಿಬಿಟ್ಟು ಎರಡನೆಯದನ್ನು ಬಿಚ್ಚುವುದನ್ನು ಅವಳು ನೆಲದ ಮೇಲೇ, ಕೈ ತಾನಾಗಿ ಹೋಗುವಷ್ಟು ಸಲ, ಅಭ್ಯಾಸ ಮಾಡಿರುತ್ತಾಳೆ. ಒಂದು ವೇಳೆ ಏನನ್ನೂ ಮಾಡಲಾಗದಿದ್ದರೆ, ಒತ್ತಡ ಅಳೆಯುವ ಒಂದು ಪುಟ್ಟ ಯಂತ್ರ ತಾನೇ ಎರಡನೆಯದನ್ನು ಬಿಚ್ಚುತ್ತದೆ. ಇಷ್ಟಿದ್ದರೂ ಇದು ಅಪಾಯವೇ ಇಲ್ಲದ ಆಟವೇನಲ್ಲ. ಆದ್ದರಿಂದಲೇ ಇಷ್ಟೊಂದು ಕಲಿಕೆ.

ಇನ್ನು ಇಳಿಯುವುದು. ಮೈದಾನದಲ್ಲಿ ಒಂದು ಕಂಬಕ್ಕೆ ಬಟ್ಟೆಯ ಗಾಳಿಚೀಲ ಕಟ್ಟಿರುತ್ತಾರೆ. ಅದನ್ನು ನೋಡಿ ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂದು ತಿಳಿದು, ಕೊನೆಗೆ ಗಾಳಿಗೆ ಎದುರಾಗಿ ಇಳಿಯಬೇಕು. ಸೈಕಲ್ಲಿನಲ್ಲಿ ಎದುರುಗಾಳಿ ನಿಮ್ಮನ್ನು ತಡೆಯುತ್ತದಲ್ಲ, ಇಲ್ಲಿ ಆ ತಡೆಯೇ ಬೇಕಾದದ್ದು. ನೆಲ ಇನ್ನು ಹತ್ತು ಹನ್ನೆರಡು ಅಡಿ ಇದೆ ಅನ್ನುವಾಗ ಎರಡೂ ಹಿಡಿಗಳನ್ನು ಒಟ್ಟಿಗೆ ಕೆಳಕ್ಕೆ ಎಳೆಯುತ್ತಾಳೆ. ರೆಕ್ಕೆಯ ಹಿಂದಿನ ಅಂಚು ಬಾಗಿ ವೇಗ ಇಳಿಯುತ್ತದೆ. ಎರಡು ಹೆಜ್ಜೆ ಓಡಿ ನಿಂತರೆ ಮುಗಿಯಿತು.

ಹೀಗೆ ಕಲಿತವರಿಗೆ ಕೊಡುವ ಮೊದಲ ಪರವಾನಗಿಗೆ ಎ ಲೈಸೆನ್ಸ್ ಎಂದು ಹೆಸರು. ಅಮೆರಿಕದ ಪ್ಯಾರಾಶೂಟ್ ಸಂಘದ ನಿಯಮದಲ್ಲಿ ಅದಕ್ಕೆ ಕನಿಷ್ಠ 25 ಜಿಗಿತ ಬೇಕು. ಅವುಗಳಲ್ಲಿ ಐದು ಸಲವಾದರೂ ಗೊತ್ತುಮಾಡಿದ ಜಾಗದಿಂದ 20 ಮೀಟರಿನೊಳಗೆ ಇಳಿದಿರಬೇಕು. ತನ್ನ ಮೊದಲ ಪ್ಯಾರಾಶೂಟನ್ನು ತಾನೇ ಮಡಚಲು ಬರಬೇಕು. ಪರೀಕ್ಷೆಯೂ ಇದೆ. ಎಷ್ಟು ಧೈರ್ಯ ಎಂದು ಯಾರೂ ಅಂಕ ಹಾಕುವುದಿಲ್ಲ. ಗಾಳಿ ನೋಡಿದೆಯಾ, ಎತ್ತರ ನೋಡಿದೆಯಾ, ಪಟ್ಟಿಗಳನ್ನು ಬಿಗಿದೆಯಾ, ಇಷ್ಟನ್ನೇ ಕೇಳುತ್ತಾರೆ. ಗಾಳಿ ಜೋರಾಗಿದೆ, ಇವತ್ತು ಬೇಡ ಎಂದು ವಿಮಾನ ಹತ್ತದೆ ಉಳಿಯಲು ಬರುವವಳೂ ಚೆನ್ನಾಗಿ ಕಲಿತವಳೇ.

ನಮ್ಮ ನಾಡಿಗೂ ಈ ವಿದ್ಯೆಯ ನಂಟಿದೆ. ಭಾರತೀಯ ಸೇನೆಯ ಪ್ಯಾರಾಶೂಟ್ ರೆಜಿಮೆಂಟಿನ ತರಬೇತಿ ಕೇಂದ್ರ ಇರುವುದು ಬೆಂಗಳೂರಿನಲ್ಲಿ. ವಾಯುಸೇನೆಯಲ್ಲಿ 1987ರಲ್ಲಿ ಹುಟ್ಟಿದ ಆಕಾಶಗಂಗಾ ಎಂಬ ಜಿಗಿತಗಾರರ ತಂಡವಿದೆ. ಮೈಸೂರು ದಸರೆಯಲ್ಲಿ ಬನ್ನಿಮಂಟಪದ ಮೈದಾನಕ್ಕೆ ಅವರು ಆಕಾಶದಿಂದಲೇ ಇಳಿದು ಬಂದದ್ದುಂಟು. ಮೈಸೂರಿನ ವಿಮಾನ ನಿಲ್ದಾಣದಲ್ಲಿ, ಚಾಮುಂಡಿ ಬೆಟ್ಟ ಕಾಣುವಷ್ಟು ಹತ್ತಿರ, ಸಾಮಾನ್ಯ ಜನರಿಗಾಗಿಯೂ ಜಿಗಿತದ ಶಿಬಿರಗಳು ನಡೆದಿವೆ.

ಸೀತೂರಿನಲ್ಲಿ ಯಾಕಾಗದು ಅಂತೀರಾ? ನೀವೇ ಯೋಚಿಸಿ. ಇಳಿಯಲು ಮರವಿಲ್ಲದ, ವಿಶಾಲವಾದ ಬಯಲು ಬೇಕು. ನಮ್ಮಲ್ಲಿ ತೋಟ, ಕಾಡು, ಗುಡ್ಡ. ಗುಡ್ಡಗಳ ನಡುವೆ ಗಾಳಿ ಸುಳಿ ಸುಳಿಯಾಗಿ ತಿರುಗುತ್ತದೆ. ಮಳೆಗಾಲದಲ್ಲಂತೂ ಮೋಡ ಅಂಗಳಕ್ಕೇ ಇಳಿದಿರುತ್ತದೆ. ಕೆಳಗಿನ ನೆಲ ಕಾಣದೆ ಜಿಗಿಯುವ ಹಾಗಿಲ್ಲ. ಹಾರುವ ಓತಿಗೆ ಇಲ್ಲಿನ ಒತ್ತೊತ್ತು ಮರಗಳೇ ಅನುಕೂಲ, ಮನುಷ್ಯರಿಗೆ ಅವೇ ಅಡ್ಡಿ.

ಒಂಟಿಯಾಗಿ ಜಿಗಿಯಲು ಕಲಿಯಬೇಕಾದರೆ ಸಾಮಾನ್ಯವಾಗಿ 18 ವರ್ಷ ತುಂಬಿರಬೇಕು. ಅಲ್ಲಿಯವರೆಗೆ ನೀವು ಎಲ್ಲಿಂದಲೂ ಜಿಗಿಯಬಾರದು. ಕೊಡೆ ಹಿಡಿದು ಮಾಡಿನಿಂದಲೋ ದರೆಯಿಂದಲೋ ಜಿಗಿಯುವ ಯೋಚನೆ ಖಂಡಿತ ಬೇಡ. ಕೊಡೆಯ ಬಟ್ಟೆ ನಿಮ್ಮ ಭಾರಕ್ಕೆ ಏನೇನೂ ಸಾಲದು. ಅಕ್ಕನ ಪ್ಯಾರಾಶೂಟಿನ ಹರವು 250 ಚದರ ಅಡಿಗಿಂತ ಹೆಚ್ಚು.

ನಿಮ್ಮ ಬದಲು ಒಂದು ಅಡಿಕೆಯನ್ನು ಕಳಿಸೋಣ. ತೆಳು ಪ್ಲಾಸ್ಟಿಕ್ ಕವರನ್ನು ಒಂದೂವರೆ ಗೇಣಿನ ಚೌಕವಾಗಿ ಕತ್ತರಿಸಿ. ನಾಲ್ಕು ಮೂಲೆಗೂ ಒಂದೇ ಉದ್ದದ ದಾರ ಕಟ್ಟಿ, ತುದಿಗಳನ್ನು ಸೇರಿಸಿ ಸಿಪ್ಪೆ ಸಮೇತದ ಒಣ ಅಡಿಕೆ ಕಟ್ಟಿ. ಅಂಗಳದಲ್ಲಿ ನಿಂತು ಮೇಲಕ್ಕೆ ಎಸೆಯಿರಿ. ಅದು ಅತ್ತಿತ್ತ ತೂಗಾಡುತ್ತ ಇಳಿಯಬಹುದು. ಬೇಸರ ಬೇಡ. 1797ರ ಅಕ್ಟೋಬರ್ 22ರಂದು ಪ್ಯಾರಿಸ್ಸಿನಲ್ಲಿ ಬಲೂನಿನಿಂದ ರೇಷ್ಮೆಯ ಪ್ಯಾರಾಶೂಟಿನಲ್ಲಿ ಇಳಿದ ಆಂದ್ರೆ ಗಾರ್ನೆರಿನ್ ಕೂಡ ಹೀಗೇ ತೂಗಾಡಿದ್ದ. ಒಳಗೆ ಸಿಕ್ಕ ಗಾಳಿ ಒಮ್ಮೆ ಈ ಅಂಚಿನಿಂದ, ಒಮ್ಮೆ ಆ ಅಂಚಿನಿಂದ ತಪ್ಪಿಸಿಕೊಳ್ಳುವುದೇ ಅದಕ್ಕೆ ಕಾರಣ. ಮುಂದೆ ದುಂಡು ಪ್ಯಾರಾಶೂಟಿನ ನೆತ್ತಿಯಲ್ಲಿ ಒಂದು ತೂತು ಬಿಡತೊಡಗಿದರು. ಗಾಳಿಗೆ ದಾರಿ ಸಿಕ್ಕಿತು, ತೂಗಾಟ ಕಡಿಮೆಯಾಯಿತು. ನೀವೂ ಪ್ಲಾಸ್ಟಿಕ್ಕಿನ ನಡುವೆ ಒಂದು ಪುಟ್ಟ ತೂತು ಮಾಡಿ ನೋಡಿ.

ಜಿಗಿಯುವವರೆಲ್ಲ ಒಂದು ಪುಸ್ತಕ ಇಟ್ಟು, ಪ್ರತಿ ಜಿಗಿತದ ಎತ್ತರ, ಗಾಳಿ, ಕಲಿತ ಪಾಠ ಬರೆದಿಡುತ್ತಾರೆ. ನಿಮ್ಮ ಅಡಿಕೆಗೂ ಅಂಥದೊಂದು ಪುಸ್ತಕ ಮಾಡಿ. ಎತ್ತರ ಎಷ್ಟಿತ್ತು, ನೆಲ ಮುಟ್ಟಲು ಎಷ್ಟು ಎಣಿಕೆ ಬೇಕಾಯಿತು, ನೆಟ್ಟಗೆ ಬಂತೋ ತೂಗಾಡಿತೋ, ಎಲ್ಲ ಬರೆಯಿರಿ. ಆಮೇಲೆ ತೂತನ್ನು ದೊಡ್ಡದು ಮಾಡಿ, ದಾರ ಉದ್ದ ಮಾಡಿ, ಎರಡು ಅಡಿಕೆ ಕಟ್ಟಿ. ಆದರೆ ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತು ಎಂದು ಗಾಳಿ ಬಂದು ಹೇಳುವುದಿಲ್ಲ, ನೀವೇ ಕಂಡುಹಿಡಿಯಬೇಕು.