ಕಾರಿಗೆ ಹೇಳಿದ ಸುಳ್ಳು



ಸಾಸಿವೆ ಡಬ್ಬಿಯಲ್ಲಿ ಚಿಲ್ಲರೆ ಬಚ್ಚಿಡುವುದು ನಮ್ಮ ಅಡುಗೆಮನೆಗಳ ಹಳೆಯ ಪದ್ಧತಿ. ಹೈಬ್ರಿಡ್ ಕಾರಿನ ಬ್ಯಾಟರಿ ಹೆಚ್ಚುಕಡಿಮೆ ಅಂಥದ್ದೇ. ಬ್ರೇಕ್ ಒತ್ತಿದಾಗ ನಾಲ್ಕು ಕಾಸು ಒಳಗೆ ಬೀಳುತ್ತದೆ, ಸಿಗ್ನಲ್ ಬಿಟ್ಟು ಹೊರಡುವಾಗ ಅದೇ ಕಾಸು ಹೊರಗೆ ಬರುತ್ತದೆ. ಸಂಸಾರ ನಡೆಯುವುದು ಮಾತ್ರ ಪೆಟ್ರೋಲಿನ ಸಂಬಳದಲ್ಲಿ. 1997ರ ಡಿಸೆಂಬರಿನಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಟೊಯೋಟಾ ಪ್ರಿಯಸ್ ಈ ಜಾತಿಯ ಕಾರುಗಳ ಹಿರಿಯಣ್ಣ. 2003ರಲ್ಲಿ ಬಂದ ಅದರ ಎರಡನೆಯ ಪೀಳಿಗೆಯ ಬ್ಯಾಟರಿ 1.3 ಯೂನಿಟ್‌ನದು. ನಮ್ಮ ಕರೆಂಟ್ ಬಿಲ್ಲಿನಲ್ಲಿ ಬರುತ್ತದಲ್ಲ, ಅದೇ ಯೂನಿಟ್. ಬಾಳಿಕೆ ಬರಲಿ ಎಂದು ಕಾರು ಅಷ್ಟನ್ನೂ ಮುಟ್ಟುವುದಿಲ್ಲ. ಅರ್ಧ ಯೂನಿಟ್ಟಿನಷ್ಟರಲ್ಲೇ ಅದರ ಲೇವಾದೇವಿ ಎಲ್ಲ ಮುಗಿಯುತ್ತದೆ.

ಈ ಡಬ್ಬಿಯನ್ನು ದೊಡ್ಡದು ಮಾಡಿ, ರಾತ್ರಿ ಮನೆಯ ಪ್ಲಗ್ಗಿನಿಂದ ತುಂಬಿಸಿದರೆ ಹೇಗೆ? ಅಮೆರಿಕದ ಕೆಲವರಿಗೆ ಈ ಆಸೆ ಹುಟ್ಟಿದ್ದಕ್ಕೆ ಒಂದು ಗುಂಡಿಯೂ ಕಾರಣ. ಜಪಾನ್ ಮತ್ತು ಯುರೋಪಿನ ಪ್ರಿಯಸ್‌ನಲ್ಲಿ ಬ್ಯಾಟರಿಯ ಮೇಲೆ ಮಾತ್ರ ಓಡಿಸಲು ಒಂದು ಗುಂಡಿ ಇತ್ತು. ಅಮೆರಿಕಕ್ಕೆ ಬಂದ ಕಾರಿನಲ್ಲಿ ಆ ಗುಂಡಿ ಇರಲಿಲ್ಲ, ಆದರೆ ಅದನ್ನು ಕೇಳಿಸಿಕೊಳ್ಳುವ ಏರ್ಪಾಡು ಕಂಪ್ಯೂಟರಿನೊಳಗೆ ಹಾಗೇ ಉಳಿದಿತ್ತು. ಹವ್ಯಾಸಿಗಳು ಪತ್ತೆ ಹಚ್ಚಿ, ಒಂದು ತಂತಿ ಎಳೆದು, ಅಂಗಡಿಯಲ್ಲಿ ಸಿಗುವ ಸಾಧಾರಣ ಸ್ವಿಚ್ ಜೋಡಿಸಿದರು. ಎಂಜಿನ್ ಸದ್ದಿಲ್ಲದೆ ಕಾರು ಹೊರಟಿತು, ಒಂದೆರಡು ಕಿಲೋಮೀಟರ್ ಹೋಗಿ ಡಬ್ಬಿ ಬರಿದಾಯಿತು. ಬಾಯಿಗೆ ಬೆಲ್ಲ ಸವರಿದ ಹಾಗೆ.

2004ರಲ್ಲಿ ಕ್ಯಾಲ್‌ಕಾರ್ಸ್ ಎಂಬ ಸಣ್ಣ ಗುಂಪು ಕ್ಯಾಲಿಫೋರ್ನಿಯಾದ ಒಂದು ಮನೆಯ ಗ್ಯಾರೇಜಿನಲ್ಲಿ ಪ್ರಿಯಸ್ ಬಿಚ್ಚಿಕೊಂಡು ಕೂತಿತು. ಫೆಲಿಕ್ಸ್ ಕ್ರೇಮರ್ ಅದರ ಸ್ಥಾಪಕ, ಕೈಕೆಲಸ ಎಂಜಿನಿಯರ್ ರಾನ್ ಗ್ರೆಂಬನ್ ಅವರದು. ಅವರು ತುಂಬಿದ್ದು ಅಗ್ಗದ, ತೂಕದ ಸೀಸದ ಬ್ಯಾಟರಿಗಳನ್ನು. ಅದೇ ಹೊತ್ತಿನಲ್ಲಿ ಟೊಯೋಟಾದ ಜಾಹೀರಾತುಗಳು ‘ಈ ಕಾರಿಗೆ ಪ್ಲಗ್ ಹಾಕುವ ರಗಳೆಯೇ ಇಲ್ಲ’ ಎಂಬ ಅರ್ಥದಲ್ಲಿ ಹೇಳಿಕೊಳ್ಳುತ್ತಿದ್ದವು! ಕಂಪನಿ ಯಾವುದನ್ನು ಗುಣ ಎಂದು ಮಾರುತ್ತಿತ್ತೋ ಇವರಿಗೆ ಅದೇ ಕೊರತೆಯಾಗಿ ಕಂಡಿತ್ತು.

ಬ್ಯಾಟರಿ ತುಂಬುವುದು ಸುಲಭದ ಭಾಗ; ಕಾರನ್ನು ಒಪ್ಪಿಸುವುದು ಕಷ್ಟದ್ದು. ಕಾರಿನ ಕಂಪ್ಯೂಟರಿಗೆ ಗೊತ್ತಿರುವುದು ತನ್ನ ಹಳೆಯ 1.3 ಯೂನಿಟ್ಟಿನ ಡಬ್ಬಿ ಮಾತ್ರ. ಹೊಸ ಬ್ಯಾಟರಿಯಲ್ಲಿ ಎಷ್ಟೇ ಕರೆಂಟ್ ಇರಲಿ, ಅದು ಜಿಪುಣನ ಹಾಗೆ ಎಣಿಸಿ ಎಣಿಸಿ ಖರ್ಚು ಮಾಡುತ್ತದೆ. ಅದಕ್ಕಾಗಿ ನಡುವೆ ಇನ್ನೊಂದು ಸಣ್ಣ ಕಂಪ್ಯೂಟರ್ ಕೂರಿಸಿದರು. ದಾರಿಯುದ್ದಕ್ಕೂ ಅದರದು ಒಂದೇ ಮಾತು: ‘ಡಬ್ಬಿ ತುಂಬಿದೆ, ಧಾರಾಳವಾಗಿ ಖರ್ಚು ಮಾಡು.’ ಕಾರು ನಂಬುತ್ತದೆ. ಪರಿವರ್ತನೆ ಎಂಬ ವಿದ್ಯೆಯೆಲ್ಲ ನಿಂತಿರುವುದು ಈ ಸುಳ್ಳಿನ ಮೇಲೆ.

ಸುಳ್ಳಿಗೆ ಒಂದು ಮಿತಿಯೂ ಇದೆ. ಗುಂಡಿ ಒತ್ತಿ ಬ್ಯಾಟರಿಯಲ್ಲೇ ಹೋಗುವುದು ಗಂಟೆಗೆ 55 ಕಿಲೋಮೀಟರ್ ಆಸುಪಾಸಿನವರೆಗೆ. ಇನ್ನೂ ಪೂಸಿ ಹೊಡೆದು ದೂಡಿದರೂ 67ರ ಹತ್ತಿರ ಎಂಜಿನ್ ತಿರುಗಲೇಬೇಕು. ಪ್ರಿಯಸ್‌ನಲ್ಲಿ ಎರಡು ಮೋಟಾರು ಮತ್ತು ಎಂಜಿನ್ ಒಂದೇ ಗೇರುಗುಂಪಿಗೆ ಕಟ್ಟಿಕೊಂಡಿವೆ. ಎಂಜಿನ್ ನಿಂತು ಕಾರು ಓಡುತ್ತಿದ್ದರೆ ಚಿಕ್ಕ ಮೋಟಾರು ಹಿಮ್ಮುಖವಾಗಿ ತಿರುಗಬೇಕು. ಕಾರಿನ ವೇಗ ಏರಿದಷ್ಟೂ ಅದರ ಸುತ್ತು ಏರುತ್ತದೆ, ಒಂದು ಹಂತ ದಾಟಿದರೆ ಮೋಟಾರಿಗೇ ಅಪಾಯ. ಡಿಕ್ಕಿಯಲ್ಲಿ ಎಷ್ಟು ಬ್ಯಾಟರಿ ಹೇರಿದರೂ ಗೇರಿನ ಹಲ್ಲಿನ ಲೆಕ್ಕ ಬದಲಾಗುವುದಿಲ್ಲ.

ಇನ್ನು ದುಡ್ಡಿನ ಲೆಕ್ಕ. ಕೆನಡಾ ಮೂಲದ ಹೈಮೋಷನ್ ಸಂಸ್ಥೆಯನ್ನು ಕೊಂಡಿದ್ದ ಎ123 ಸಿಸ್ಟಮ್ಸ್ 2008ರಲ್ಲಿ 5 ಯೂನಿಟ್ಟಿನ ಲಿಥಿಯಂ ಕಿಟ್ ತಂದಿತು. ಮೂಲ ಬ್ಯಾಟರಿಯನ್ನು ತೆಗೆಯದೆ, ಡಿಕ್ಕಿಯ ತಳದಲ್ಲಿ ಸುಮಾರು 85 ಕೆ.ಜಿ.ಯ ಪೆಟ್ಟಿಗೆ ಇಡುವ ವ್ಯವಸ್ಥೆ. ಬೆಲೆ 10,000 ಡಾಲರ್ ಆಸುಪಾಸು. ಹೊಗಳಿಕೆಯ ಮಾತು, ಗ್ಯಾಲನ್ನಿಗೆ ನೂರು ಮೈಲಿ. ಅಂದರೆ ಲೀಟರಿಗೆ 42 ಕಿಲೋಮೀಟರ್. ಒಪ್ಪೋಣ. ದಿನಕ್ಕೆ 48 ಕಿಲೋಮೀಟರ್ ಓಡಿಸುವವನಿಗೆ ಲೀಟರಿಗೆ 20 ಕೊಡುವ ಮಾಮೂಲಿ ಪ್ರಿಯಸ್ ಎರಡೂವರೆ ಲೀಟರ್ ಒಳಗೇ ಕುಡಿಯುತ್ತದೆ. ಕಿಟ್ ಹಾಕಿದರೆ ಒಂದೂ ಕಾಲು ಲೀಟರ್ ಉಳಿತಾಯ. ಆ ವರ್ಷದ ಬೇಸಿಗೆಯಲ್ಲಿ ಅಮೆರಿಕದ ಪೆಟ್ರೋಲು ಲೀಟರಿಗೆ ಡಾಲರಿಗಿಂತ ತುಸು ಮೇಲಿತ್ತು. ರಾತ್ರಿ ತುಂಬಿಸಿದ ಕರೆಂಟಿನ ಖರ್ಚು ಕಳೆದರೆ ದಿನಕ್ಕೆ ಉಳಿಯುವುದು 80 ಸೆಂಟ್. ವರ್ಷಕ್ಕೆ 300 ದಿನ ಓಡಿಸಿದರೂ 240 ಡಾಲರ್. ಹತ್ತು ಸಾವಿರ ಮರಳಿ ಬರಲು ನಲವತ್ತು ವರ್ಷ ದಾಟುತ್ತದೆ. ಅಷ್ಟರಲ್ಲಿ ಕಾರು ಗುಜರಿ ಸೇರಿ ಯಾವ ಕಾಲವಾಗಿರುತ್ತದೋ! ಸರ್ಕಾರದ ಒಲವೂ ಹೊಸ ಕಾರಿನ ಕಡೆಗೇ ಇತ್ತು. ಪರಿವರ್ತನೆಗೆ ವೆಚ್ಚದ ಶೇ. 10ರಷ್ಟು ತೆರಿಗೆ ವಿನಾಯಿತಿ, ಅಂದರೆ ಈ ಕಿಟ್ಟಿಗೆ 1,000 ಡಾಲರ್. 2010ರ ಕೊನೆಯಲ್ಲಿ ಬಂದ ಶೆವರ್ಲೆ ವೋಲ್ಟ್‌ಗೆ 7,500.

ವೋಲ್ಟ್ ಅಗ್ಗವೇನಲ್ಲ, 41,000 ಡಾಲರ್. ಆದರೆ ಅದು ಹುಟ್ಟಿನಿಂದಲೇ ಪ್ಲಗ್ಗಿನ ಕಾರು. 16 ಯೂನಿಟ್ಟಿನ ಬ್ಯಾಟರಿ ಕಾರಿನ ನಡುಬೆನ್ನಿನಲ್ಲಿ ಇಂಗ್ಲಿಷಿನ ‘ಟಿ’ ಆಕಾರದಲ್ಲಿ ಮಲಗಿತ್ತು, ಅದಕ್ಕೆ ತಂಪು ಮಾಡುವ ದ್ರವ, ಎಂಟು ವರ್ಷದ ವಾರಂಟಿ. ಹೆದ್ದಾರಿಯಲ್ಲೂ ಎಂಜಿನ್ ಕರೆಯದೆ 56 ಕಿಲೋಮೀಟರ್ ಹೋಗುತ್ತಿತ್ತು. ಇದಕ್ಕಿಂತ ಒಳ್ಳೆಯ ಹೋಲಿಕೆ ಟೊಯೋಟಾದ್ದೇ. ತನ್ನ ಮಾತು ತಾನೇ ನುಂಗಿ ಆ ಕಂಪನಿ 2012ರಲ್ಲಿ ಅಮೆರಿಕದಲ್ಲಿ ಪ್ಲಗ್-ಇನ್ ಪ್ರಿಯಸ್ ಮಾರಿತು. ಬ್ಯಾಟರಿ ಬರೀ 4.4 ಯೂನಿಟ್, ಕಿಟ್ಟಿಗಿಂತ ಚಿಕ್ಕದು. ಆದರೂ ಎಂಜಿನ್ ಎಬ್ಬಿಸದೆ ಗಂಟೆಗೆ 100 ಕಿಲೋಮೀಟರ್ ವೇಗ ಮುಟ್ಟುತ್ತಿತ್ತು. ಅಲ್ಲಿ ಯಾರೂ ಯಾರಿಗೂ ಸುಳ್ಳು ಹೇಳಬೇಕಿರಲಿಲ್ಲ.

ಗ್ಯಾರೇಜಿನ ಕೈಕೆಲಸದ ಅಪಾಯವನ್ನೂ ಹೇಳಿಬಿಡಬೇಕು. 2008ರ ಜೂನ್‌ನಲ್ಲಿ ಸೌತ್ ಕೆರೊಲಿನಾದಲ್ಲಿ ಪರಿವರ್ತಿಸಿದ ಪ್ರಿಯಸ್ ಒಂದು ಓಡುತ್ತಿದ್ದಾಗಲೇ ಬೆಂಕಿ ಹತ್ತಿಕೊಂಡಿತು. ತನಿಖೆ ಬೆರಳು ಮಾಡಿದ್ದು ಬೋಲ್ಟ್ ಹಾಕಿ ಬಿಗಿದ ಜೋಡಣೆಯ ಕಡೆಗೆ. ಸರಿಯಾಗಿ ಕೂರದ ಒಂದು ಜೋಡಣೆ, ಅದರಿಂದ ಬಿಸಿ, ಬಿಸಿಯಿಂದ ಬೆಂಕಿ.

ಇಷ್ಟಾದರೂ ಆ ಗ್ಯಾರೇಜಿನವರ ಮೇಲೆ ನನಗೆ ಪಕ್ಷಪಾತವಿದೆ. ಅವರು ದುಡ್ಡು ಉಳಿಸಲು ಹೊರಟವರಲ್ಲ. ಆಗದು ಎನ್ನುತ್ತಿದ್ದ ಕಂಪನಿಗಳ ಮುಂದೆ ಆದದ್ದನ್ನು ಓಡಿಸಿ ತೋರಿಸಲು ಹೊರಟವರು. ಕಂಪನಿಗಳು ತಾವೇ ಕಾರು ತಂದ ಮೇಲೆ ಕಿಟ್ಟಿಗೆ ಕೆಲಸ ಉಳಿಯಲಿಲ್ಲ. 2012ರ ಅಕ್ಟೋಬರಿನಲ್ಲಿ ಎ123 ದಿವಾಳಿ ಅರ್ಜಿ ಹಾಕಿತು. ಕಿಟ್ ಹಾಕಿಸಿದವರ ಕೈಯಲ್ಲಿ ಉಳಿದದ್ದು ದಿಕ್ಕಿಲ್ಲದ ಕೂಸು. ಹಾಗಾಗಿ ಯಾರಾದರೂ ಕೇಳಿದರೆ ನನ್ನ ಉತ್ತರ ಒಂದೇ: ಪ್ಲಗ್ ಬೇಕಿದ್ದರೆ ಪ್ಲಗ್ಗಿನ ಸಮೇತ ಹುಟ್ಟಿದ ಕಾರನ್ನೇ ಕೊಳ್ಳಿ. ಅದಕ್ಕೂ ಮೊದಲು ಕಾರು ನಿಲ್ಲಿಸುವ ಜಾಗದಲ್ಲಿ ಸಾಕೆಟ್ ಇದೆಯೇ ನೋಡಿ.

ನಮ್ಮಲ್ಲೂ 2016ರಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ತಿದ್ದುಪಡಿ ಆಗಿ, ಓಡುತ್ತಿರುವ ಗಾಡಿಗೆ ಹೈಬ್ರಿಡ್ ಕಿಟ್ ಹಾಕಲು ದಾರಿಯಾಗಿದೆ. ಕಿಟ್ಟಿಗೆ ಪರೀಕ್ಷಾ ಸಂಸ್ಥೆಯ ಒಪ್ಪಿಗೆ ಇರಬೇಕು, ಆರ್.ಸಿ.ಯಲ್ಲಿ ಬದಲಾವಣೆ ದಾಖಲಾಗಬೇಕು. ಆದರೆ ಪ್ಲಗ್ ಒಂದೇ ಇದ್ದರೆ ಸಾಲದು. ನಮ್ಮ ಬಿಡದಿಯ ಟೊಯೋಟಾ ಕಾರ್ಖಾನೆಯಿಂದ 2022ರಿಂದ ಹೊರಬರುತ್ತಿರುವ ಹೈರೈಡರ್ ಹೈಬ್ರಿಡ್ಡಿನ ಬ್ಯಾಟರಿ 0.76 ಯೂನಿಟ್, ಹಳೆಯ ಪ್ರಿಯಸ್‌ನದಕ್ಕಿಂತಲೂ ಸಣ್ಣ ಡಬ್ಬಿ. ಬರೀ ಅದಕ್ಕೊಂದು ಪ್ಲಗ್ ಇಟ್ಟು, ರಾತ್ರಿ ತುಂಬಿಸಿ, ಬೆಳಿಗ್ಗೆ ವಿಧಾನಸೌಧದಿಂದ ಹೊರಟಿರಿ ಎನ್ನಿ. ಮೆಜೆಸ್ಟಿಕ್ ಬರುವ ಹೊತ್ತಿಗೆ ಡಬ್ಬಿ ಬರಿದು, ಎಂಜಿನ್ ತಾನಾಗಿ ಶುರು.