ಉತ್ತವರು ಒಬ್ಬರು, ಕಾಗದ ಇನ್ನೊಬ್ಬರದು
(ನರಿಮೊಗರಿನ ಸಭೆಯಲ್ಲಿ ಮಾಡಿದ ಭಾಷಣದ ಬರಹ)



ನಮ್ಮ ಮನೆ ಅಡಿಯ ಹತ್ತು ಸೆಂಟ್ಸಿಗೇ ಪಹಣಿ ಇಲ್ಲ, ಇಸ್ರೇಲು-ಪ್ಯಾಲೆಸ್ತೀನಿನ ಜಗಳ ನಮಗ್ಯಾಕೆ ಅಂತ ಕೇಳುವವರು ಇದ್ದಾರೆ. ಆ ಜಗಳದಲ್ಲಿ ಧರ್ಮ ಉಂಟು, ಯುದ್ಧ ಉಂಟು, ದೊಡ್ಡ ದೇಶಗಳ ಲಾಭವೂ ಉಂಟು. ಆದರೆ ನಾನು ಇವತ್ತು ಪಹಣಿಯ ಕಡೆಯಿಂದಲೇ ಹೇಳುತ್ತೇನೆ. ಅದು ನಮಗೆ ಬೇಗ ಅರ್ಥ ಆಗ್ತದೆ.

ಪ್ಯಾಲೆಸ್ತೀನು ತುರ್ಕಿ ಸುಲ್ತಾನರ ಆಳ್ವಿಕೆಯಲ್ಲಿತ್ತು. ಭೂಮಿಯನ್ನು ಹೆಸರು ಬರೆಸಿ ನೋಂದಾಯಿಸಬೇಕು ಅಂತ 1858ರಲ್ಲಿ ಕಾನೂನು ಬಂತು. ಹೆಸರು ಕೊಟ್ಟರೆ ತೆರಿಗೆ ಹಾಕ್ತಾರೆ, ಮಗನನ್ನು ಸೈನ್ಯಕ್ಕೆ ಎಳೀತಾರೆ ಅಂತ ರೈತರು ಹೆದರಿದರು. ಎಷ್ಟೋ ಕಡೆ ದೊಡ್ಡವರ ಹೆಸರಲ್ಲೇ ಭೂಮಿ ದಾಖಲಾಯಿತು. ಹೈಫಾ ಪಟ್ಟಣದಿಂದ ಒಳನಾಡಿನ ಕಡೆಗೆ ಮರ್ಜ್ ಇಬ್ನ್ ಆಮಿರ್ ಎಂಬ ಬಯಲು ಉಂಟು. ಅದರ ದೊಡ್ಡ ಪಾಲನ್ನು ಬೈರೂತಿನ ಸುರ್ಸೋಕ್ ಎಂಬ ವರ್ತಕ ಮನೆತನ ಕೊಂಡಿತು. ಧಣಿ ಬೈರೂತಿನಲ್ಲಿ, ಒಕ್ಕಲು ಬಯಲಿನಲ್ಲಿ. ಇದು ನಮಗೆ ಹೊಸ ಕತೆಯಲ್ಲ.

1918ರ ಸೆಪ್ಟೆಂಬರ್ 23ರಂದು ಹೈಫಾವನ್ನು ಬ್ರಿಟಿಷರಿಗೆ ಗೆದ್ದುಕೊಟ್ಟ ಕುದುರೆಪಡೆಗಳಲ್ಲಿ ಮೈಸೂರು ಲ್ಯಾನ್ಸರ್ಸ್ ಕೂಡ ಇತ್ತು. ನಮ್ಮ ನಾಡಿನವರ ರಕ್ತವೂ ಅಲ್ಲಿ ಬಿದ್ದಿದೆ. ಆದರೆ ಆ ನೆಲದ ಬಗ್ಗೆ ಬ್ರಿಟಿಷರು 1917ರ ನವೆಂಬರ್ 2ರಂದೇ ಮಾತು ಕೊಟ್ಟಾಗಿತ್ತು. ಯಹೂದಿಗಳಿಗೆ ಅಲ್ಲಿ ರಾಷ್ಟ್ರೀಯ ನೆಲೆ ಆಗಬೇಕು ಅಂತ ಬಾಲ್ಫರ್ ಮಂತ್ರಿಯ ಪತ್ರ. ಅಲ್ಲಿ ಆಗ ಹತ್ತರಲ್ಲಿ ಸುಮಾರು ಒಂಬತ್ತು ಜನ ಅರಬರು. ಪತ್ರದಲ್ಲಿ ಅವರ ಹೆಸರೇ ಇಲ್ಲ, ಯಹೂದಿಗಳಲ್ಲದವರು ಅಂತ ಮಾತ್ರ ಉಂಟು!

ಹಾಗಂತ ಯಹೂದಿಗಳ ದುಃಖವನ್ನು ನಾವು ಹಗುರ ಮಾಡಬಾರದು. ಯುರೋಪಿನ ಎಷ್ಟೋ ಪಟ್ಟಣಗಳಲ್ಲಿ ಅವರನ್ನು ಬೇರೆ ಕೇರಿಯಲ್ಲಿ ಇಟ್ಟಿದ್ದರು. ರಷ್ಯಾದಲ್ಲಿ ಅವರ ಮನೆಗಳನ್ನು ಸುಟ್ಟರು. ಹಿಟ್ಲರನ ಕಾಲದಲ್ಲಿ 60 ಲಕ್ಷ ಜನರನ್ನು ಕೊಂದರು. ಆ ನೆಲ ತಮ್ಮ ಹಿರಿಯರದ್ದು ಎಂಬ ನೆನಪೂ ಅವರಲ್ಲಿತ್ತು. ಕೇರಿ ಅಂದರೇನು ಅಂತ ನಮಗೆ ಯಾರೂ ಕಲಿಸಬೇಕಾಗಿಲ್ಲ.

1920ರ ದಶಕದಲ್ಲಿ ಸುರ್ಸೋಕ್ ಮನೆತನ ಆ ಬಯಲನ್ನು ಯಹೂದಿ ಸಂಸ್ಥೆಗಳಿಗೆ ಮಾರಿತು. ಮಾರಿದ್ದು ಅರಬ ಧಣಿಯೇ, ಗುಳೆ ಹೋದದ್ದು ಅರಬ ಒಕ್ಕಲು. ಕೆಲವರಿಗೆ ಅಷ್ಟಿಷ್ಟು ಪರಿಹಾರ ಸಿಕ್ಕಿತು. ಯಹೂದಿ ರಾಷ್ಟ್ರೀಯ ನಿಧಿಯ ಭೂಮಿಯಲ್ಲಿ ಯಹೂದಿಗಳೇ ದುಡಿಯಬೇಕು ಅಂತ ನಿಯಮ. ಅಂದರೆ ಕೂಲಿಯಾಳಾಗಿ ಉಳಿಯುವ ದಾರಿಯೂ ಮುಚ್ಚಿತು.

ಆದರೂ 1947ರ ಹೊತ್ತಿಗೆ ಯಹೂದಿಗಳು ಕೊಂಡಿದ್ದ ಭೂಮಿ ನೂರಕ್ಕೆ ಏಳರಷ್ಟೇ. ಉಳಿದದ್ದನ್ನು ಮಾಡಿದ್ದು ಯುದ್ಧ. 1947ರ ನವೆಂಬರ್ 29ರಂದು ವಿಶ್ವಸಂಸ್ಥೆ ದೇಶವನ್ನು ಎರಡು ಮಾಡಲು ಹೇಳಿತು. ಅರಬರು ಒಪ್ಪಲಿಲ್ಲ. ಭಾರತವೂ ವಿರುದ್ಧ ಮತ ಹಾಕಿತು. 1948ರ ಮೇ 14ರಂದು ಇಸ್ರೇಲ್ ಹುಟ್ಟಿತು, ನೆರೆಯ ಅರಬ ಸೈನ್ಯಗಳು ನುಗ್ಗಿದವು. ಆ ಯುದ್ಧದಲ್ಲಿ ಸುಮಾರು 7 ಲಕ್ಷ ಪ್ಯಾಲೆಸ್ತೀನಿಯರು ಓಡಿಸಲ್ಪಟ್ಟರು ಅಥವಾ ಜೀವ ಉಳಿಸಿಕೊಳ್ಳಲು ಓಡಿದರು.

ಆಮೇಲೆ ಮತ್ತೆ ಕಾಗದ ಬಂತು. 1950ರಲ್ಲಿ ಇಸ್ರೇಲ್ ಗೈರುಹಾಜರಿಗಳ ಆಸ್ತಿಯ ಕಾನೂನು ಮಾಡಿತು. ಪಕ್ಕದ ಊರಿಗೆ ಓಡಿಹೋಗಿ ಇಸ್ರೇಲಿನ ಒಳಗೇ ಉಳಿದವರೂ ಗೈರುಹಾಜರಿ! ಇದ್ದೂ ಇಲ್ಲದವರು. ಆ ಕಡೆ ಇರಾಕಿನಿಂದ 1950-51ರಲ್ಲಿ ಸುಮಾರು 1 ಲಕ್ಷ 20 ಸಾವಿರ ಯಹೂದಿಗಳು ಊರು ಬಿಟ್ಟು ಇಸ್ರೇಲಿಗೆ ಹೋದರು. ಅವರ ಆಸ್ತಿಯನ್ನು ಇರಾಕ್ ಸರ್ಕಾರ 1951ರಲ್ಲಿ ಕಾನೂನು ಮಾಡಿಯೇ ಹಿಡಿದಿಟ್ಟಿತು.

ಇನ್ನೊಂದು ಮಾತು ಕೇಳಿ. ಜೆರುಸಲೇಮಿನ ಮುಸ್ರಾರ ಮೊದಲು ಅರಬರ ಬೀದಿ. ಅವರು ಹೋದ ಮೇಲೆ ಸರ್ಕಾರ ಅಲ್ಲಿ ಮೊರಾಕೊ ಮುಂತಾದ ಕಡೆಯಿಂದ ಬಂದ ಬಡ ಯಹೂದಿಗಳನ್ನು ತುಂಬಿಸಿತು. ಯುರೋಪಿನಿಂದ ಬಂದ ಯಹೂದಿಗಳು ಇವರನ್ನು ಕೀಳಾಗಿ ಕಂಡರು. 1971ರಲ್ಲಿ ಅದೇ ಬೀದಿಯ ಹುಡುಗರು ಬ್ಲ್ಯಾಕ್ ಪ್ಯಾಂಥರ್ಸ್ ಅಂತ ಸಂಘಟನೆ ಕಟ್ಟಿದರು. ಅಮೆರಿಕದ ಕರಿಯರಿಂದ ತಕ್ಕೊಂಡ ಹೆಸರು. ಮರುವರ್ಷ ಬೊಂಬಾಯಿಯಲ್ಲಿ ದಲಿತ ಪ್ಯಾಂಥರ್ಸ್ ಹುಟ್ಟಿತು. ಮನೆ ಕಳಕೊಂಡವನೂ ಬಡವ, ಆ ಮನೆಗೆ ಬಂದವನೂ ಬಡವ. ಇಬ್ಬರ ನಡುವೆ ದ್ವೇಷ ಇದ್ದರೆ ಲಾಭ ಯಾರಿಗೆ?

1967ರ ಯುದ್ಧದಲ್ಲಿ ಇಸ್ರೇಲ್ ಪಶ್ಚಿಮ ದಂಡೆಯನ್ನೂ ಗಾಜಾವನ್ನೂ ಹಿಡಿಯಿತು. 1993ರಲ್ಲಿ ಒಪ್ಪಂದವಾಯಿತು. ಆದರೆ ಪಶ್ಚಿಮ ದಂಡೆಯಲ್ಲಿ ಇಸ್ರೇಲಿಗರ ವಸಾಹತು ಬೆಳೆಯುತ್ತಲೇ ಹೋಯಿತು. 2023ರ ಅಕ್ಟೋಬರ್ 7ರಂದು ಹಮಾಸ್ ಮತ್ತು ಅದರ ಜೊತೆಯವರು ಇಸ್ರೇಲಿನಲ್ಲಿ ಸುಮಾರು 1,200 ಜನರನ್ನು ಕೊಂದರು. ಆಮೇಲೆ ಗಾಜಾದಲ್ಲಿ ಇಸ್ರೇಲಿನ ದಾಳಿಗೆ ಹತ್ತಾರು ಸಾವಿರ ಜನ ಸತ್ತರು, ಅದರಲ್ಲಿ ಸಾವಿರಾರು ಮಕ್ಕಳು. ಇಲ್ಲಿ ಕೂತು ಯಾರ ಹೆಣಕ್ಕೂ ಚಪ್ಪಾಳೆ ಹೊಡೀಬೇಡಿ.

ನಮ್ಮ ಜಿಲ್ಲೆಯಲ್ಲೂ 1974ರ ಭೂಸುಧಾರಣೆಯಲ್ಲಿ ಗೇಣಿ ಒಕ್ಕಲಿಗೆ ಭೂಮಿ ಬಂತು. ಒಳ್ಳೆಯದಾಯಿತು. ಆದರೆ ಆ ಗದ್ದೆಯ ಕೆಸರಲ್ಲಿ ತಲೆಮಾರುಗಟ್ಟಲೆ ನಿಂತ ಮೂಲದಾಳಿನ ಕೈಯಲ್ಲಿ ಗೇಣಿ ಚೀಟಿ ಇರಲಿಲ್ಲ. ಅವನೂ ಇದ್ದೂ ಇಲ್ಲದವನೇ. ನಮಗೆಂದೇ ಇಟ್ಟ ಡಿ.ಸಿ. ಮನ್ನಾ ಭೂಮಿಯೂ ಎಷ್ಟೋ ಕಡೆ ಬೇರೆಯವರ ಬೇಲಿಯ ಒಳಗೆ ಉಂಟು.

ಅಲ್ಲಿ ಹರಿದಷ್ಟು ರಕ್ತ ಇಲ್ಲಿ ಹರಿದಿಲ್ಲ, ಎರಡೂ ಒಂದೇ ಅಂತ ನಾನು ಹೇಳುವುದಿಲ್ಲ. ಆದರೆ ಆ ರಕ್ತಕ್ಕೆ ಮೊದಲು ಒಂದು ದಾಖಲೆ ಪುಸ್ತಕ ಇತ್ತು, ಅದರಲ್ಲಿ ಉತ್ತವನ ಹೆಸರು ಇರಲಿಲ್ಲ. ಈ ವಾರ ಕೂಲಿಗೆ ಒಂದು ದಿನ ರಜೆ ಹಾಕಿ ಗ್ರಾಮಕರಣಿಕರ ಕಚೇರಿಗೆ ಹೋಗಿ. ನಿಮ್ಮ ಮನೆಯ ಅಡಿಯ ನೆಲ ಯಾರ ಹೆಸರಲ್ಲಿ ಉಂಟು ಅಂತ ಕೇಳಿ. ಬಾಯಿ ಮಾತಲ್ಲಿ ಬೇಡ, ಬರಹದಲ್ಲಿ ಕೇಳಿ.